ಉಣ್ಣೆಗೆ ನೀರು

ನಮ್ಮ ಮನೆಯಲ್ಲಿ ಉಣ್ಣೆಯ ಹೆಣಿಗೆಯನ್ನು ನೀರಿನಲ್ಲಿ ನೆನೆಯಿಡುವುದೆಂದರೆ ಒಂದು ಅಪರಾಧವೆಂದೇ ಭಾವನೆಯಿದ್ದಿತು. ಅದಕ್ಕೆ ಕಾರಣಳು ನಾನೇ. 1971ರ ಚಳಿಗಾಲದಲ್ಲಿ, ಬಾಲಕಿಯಾಗಿದ್ದ ನಾನು ತಾಯಿಯವರಿಗೆ ನೆರವಾಗುವ ಉತ್ಸಾಹದಿಂದ, ಅವರು ಎರಡು ತಿಂಗಳು ಕುಳಿತು ಹೆಣೆದಿದ್ದ ತಮ್ಮನ ಸ್ವೆಟರನ್ನು ಹಂಡೆಯ ಬಿಸಿನೀರಿನಲ್ಲಿ ಅದ್ದಿ, ಸಾಬೂನು ಹಚ್ಚಿ, ಒಗೆಯುವ ಕಲ್ಲಿನ ಮೇಲೆ ಉಜ್ಜಿದೆನು. ಅದು ಒಣಗಿದ ಮೇಲೆ ಕಂಬಳಿಯ ತುಂಡಿನಂತೆ ದಪ್ಪನಾಗಿ, ತಮ್ಮನಿಗಿರಲಿ, ನನ್ನ ಗೊಂಬೆಗೂ ಬಿಗಿಯಾಯಿತು. ತಾಯಿಯವರು ಬೈಯಲಿಲ್ಲ, ಸುಮ್ಮನೆ ಮಡಿಸಿ ಪೆಟ್ಟಿಗೆಯ ತಳದಲ್ಲಿಟ್ಟರು. ಆ ಮೌನವನ್ನು ನಾನಿನ್ನೂ ಮರೆತಿಲ್ಲ.

ಆ ತಮ್ಮನ ಮಗಳು ಈಗ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಓದುತ್ತಿರುವಳು. ಮೊಮ್ಮಗಳಿಗೆಂದು ತಾಯಿಯವರು ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಬೂದಿಬಣ್ಣದ ಉಣ್ಣೆಯಿಂದ ಒಂದು ಮಫ್ಲರನ್ನು ಆರಂಭಿಸಿದರು. ಹೆಣಿಗೆಯ ಮಾದರಿ ಷೆಟ್ಲೆಂಡ್ ದ್ವೀಪಗಳದು. 18 ಕುಣಿಕೆಗಳಿಗೊಂದು ಅಲೆ. ಆರು ಸಲ ಎರಡೆರಡು ಕುಣಿಕೆಗಳನ್ನು ಕೂಡಿಸಬೇಕು, ಆರು ಸಲ ದಾರ ಸುತ್ತಿ ಹೊಸ ಕುಣಿಕೆ ಎತ್ತಬೇಕು. ಅರ್ಧದವರೆಗೆ ಬರುವಷ್ಟರಲ್ಲಿ ಅವರ ದೃಷ್ಟಿ ಮಂದವಾಯಿತು, ಬೆರಳುಗಳೂ ನಡುಗತೊಡಗಿದವು. ಒಂದು ದಿನ ಕಡ್ಡಿಗಳನ್ನು ನನ್ನ ಮಡಿಲಿಗೆ ಹಾಕಿ, “ಇನ್ನು ನೀನು ಮುಗಿಸಮ್ಮ” ಎಂದರು.

ನಾನು ಮುಗಿಸಿದೆನು. ಆದರೆ ಅವರ ಕೈ ಬಿಗಿ, ನನ್ನ ಕೈ ಸಡಿಲ. ಅವರ ಭಾಗದ ಅಗಲ ಎಂಟೂವರೆ ಅಂಗುಲ, ನನ್ನದು ಹತ್ತು. ಮೇಲಾಗಿ ಅಲೆಗಳೊಂದೂ ತೋರದೆ, ಇಡೀ ವಸ್ತ್ರವು ಒಣಗಿದ ಹೀರೆಕಾಯಿಯ ಸಿಪ್ಪೆಯಂತೆ ಮುದುರಿಕೊಂಡಿದ್ದಿತು. ಇದನ್ನು ಹೇಗೆ ಕಳುಹಿಸುವುದು?

ಆಗ ಆ ಹುಡುಗಿಯೇ ಒಂದು ಮಾತನ್ನು ತಿಳಿಸಿದಳು. ರಜೆಯಲ್ಲಿ ಹಡಗಿನ ಮೂಲಕ ಷೆಟ್ಲೆಂಡಿಗೆ ಹೋದವಳು, ಲರ್ವಿಕ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಅಲ್ಲಿಯ ಸ್ತ್ರೀಯರು ಹೆಣೆದ ಜಾಲರಿ ಶಾಲುಗಳನ್ನು ನೋಡಿದಳಂತೆ. ಅವುಗಳಲ್ಲಿ ಅತ್ಯಂತ ನಯವಾದವು ಮದುವೆಯುಂಗುರದೊಳಗೆ ತೂರುವಷ್ಟು ತೆಳು. ಅಂಥ ಶಾಲನ್ನು ತೊಳೆದು, ಒದ್ದೆಯಿರುವಾಗಲೇ ಮರದ ಚೌಕಟ್ಟಿಗೆ ಎಳೆದು ಕಟ್ಟಿ ಒಣಗಿಸುವರು. ಆಗಲೇ ಅದರ ಚಿತ್ತಾರ ಅರಳುವುದು. ಈ ಕೆಲಸಕ್ಕೆ ‘ಬ್ಲಾಕಿಂಗ್’ ಎಂದು ಹೆಸರು.

ನೀರೆಂದೊಡನೆ ನನ್ನ ಎದೆ ಹಾರಿತು. ತಾಯಿಯವರ ಕೊನೆಯ ಹೆಣಿಗೆಯೂ ನನ್ನ ಕೈಯಲ್ಲಿಯೇ ಕೆಡಬೇಕೇ?

ಆದರೆ ಸೋದರಿಯರೇ, ಕೇಡಿಗೆ ಕಾರಣವು ನೀರಲ್ಲ. ಉಣ್ಣೆಯ ಎಳೆಯ ಮೇಲೆ ಮಾಡಿನ ಹೆಂಚುಗಳಂತೆ ಸೂಕ್ಷ್ಮವಾದ ಹುರುಪೆಗಳಿರುವವು. ಬಿಸಿ, ಸಾಬೂನು, ಉಜ್ಜುವಿಕೆ ಇವು ಕೂಡಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಮರಳಿ ಬಿಡಿಸಿಕೊಳ್ಳವು. ತಣ್ಣೀರಿನಲ್ಲಿ ಅಲುಗಿಸದೆ ನೆನೆಯಿಟ್ಟರೆ ಆ ಭಯವಿಲ್ಲ. ಎಳೆಯು ಮೆದುವಾಗಿ, ನಾವು ಇಟ್ಟ ಆಕಾರದಲ್ಲಿಯೇ ಒಣಗಿ ನಿಲ್ಲುವುದು. ಒದ್ದೆ ಕೂದಲನ್ನು ಜಡೆ ಹೆಣೆದುಕೊಂಡು ಮಲಗಿದರೆ ಬೆಳಗ್ಗೆ ಅದು ಅಲೆಯಲೆಯಾಗಿರುವುದನ್ನು ನಾವೆಲ್ಲರೂ ಕಂಡಿಲ್ಲವೇ? ಕೂದಲೂ ಉಣ್ಣೆಯೂ ಕೆರಾಟಿನ್ ಎಂಬ ಒಂದೇ ಬಗೆಯ ವಸ್ತುವಿನಿಂದಾದವು. ಅಕ್ರಿಲಿಕ್ ನೂಲಿಗೆ ಮಾತ್ರ ಈ ಗುಣವಿಲ್ಲ.

ಅಂಟುವಾಳಕಾಯಿಯ ನೊರೆಯನ್ನು ಸ್ವಲ್ಪವೇ ಬೆರೆಸಿದ ತಣ್ಣೀರಿನಲ್ಲಿ ಮಫ್ಲರನ್ನು ಅರ್ಧ ಗಂಟೆ ಮುಳುಗಿಸಿಟ್ಟೆನು. ಬಳಿಕ ತಿಳಿನೀರಿನಲ್ಲಿ ಅದ್ದಿ ಎತ್ತಿದಾಗ ಅದು ಭಾರದಿಂದ ಜೋತು ಮೊಳದುದ್ದ ಬೆಳೆದಂತೆ ಕಂಡು, ನನ್ನ ಕೈಗಳೂ ನಡುಗಿದವು. ಕುರ್ಚಿಯಲ್ಲಿ ಕುಳಿತಿದ್ದ ತಾಯಿಯವರು ನೀರಿನ ಸದ್ದನ್ನು ಕೇಳಿ, “ಹಿಂಡಬೇಡವೇ!” ಎಂದರು. ಹಿಂಡಲಿಲ್ಲ, ಅಂಗೈಗಳ ನಡುವೆ ಒತ್ತಿ, ದಪ್ಪ ಟವೆಲಿನಲ್ಲಿ ಸುರುಳಿ ಸುತ್ತಿ, ಮೇಲೆ ಮೆಲ್ಲನೆ ಕಾಲಿಟ್ಟು ನೀರನ್ನು ತೆಗೆದೆನು. ಅನಂತರ ಹಾಸಿಗೆಯ ಮೇಲೆ ಒಣ ಟವೆಲುಗಳನ್ನು ಹಾಸಿ, ಹನ್ನೆರಡಂಗುಲದ ಅಗಲಕ್ಕೆ ಎರಡು ದಾರಗಳನ್ನು ನೇರವಾಗಿ ಬಿಗಿದು, ಆ ಗೆರೆಗಳಿಗೆ ಸರಿಯಾಗಿ ಅಂಚನ್ನು ಎಳೆದೆಳೆದು ತುಕ್ಕು ಹಿಡಿಯದ ಗುಂಡುಸೂಜಿಗಳನ್ನು ಚುಚ್ಚಿದೆನು. ತುದಿಯ ಪ್ರತಿಯೊಂದು ಅಲೆಗೂ ಒಂದೊಂದು ಸೂಜಿ. ಕೆಲಸ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು, ಸೊಂಟ ಬಿದ್ದುಹೋಯಿತು.

ಮೋಡ ಕವಿದಿದ್ದುದರಿಂದ ಮರುದಿನ ಮಧ್ಯಾಹ್ನದವರೆಗೂ ಕಾದೆನು. ಸೂಜಿಗಳನ್ನು ಕಿತ್ತಾಗ ಮತ್ತೆ ಮುದುರಿಕೊಳ್ಳುವುದೇನೋ ಎಂದು ಉಸಿರು ಬಿಗಿಹಿಡಿದಿದ್ದೆನು. ಮುದುರಲಿಲ್ಲ. ಅಲೆಗಳು ತೆರೆದು, ರಂಧ್ರಗಳಲ್ಲಿ ಬೆಳಕು ಕಾಣುತ್ತಿದ್ದಿತು. ಬಿಗಿಯಾದ ಭಾಗವು ಅರಳಿ, ಸಡಿಲವಾದ ಭಾಗವು ಹದಕ್ಕೆ ಬಂದು, ಎರಡೂ ಒಂದೇ ಅಗಲಕ್ಕೆ ನಿಂತಿದ್ದವು.

ತಾಯಿಯವರ ಮಡಿಲಲ್ಲಿ ಅದನ್ನು ಇಟ್ಟೆನು. ಅವರು ತಮ್ಮ ತುದಿಯಿಂದ ಬೆರಳಾಡಿಸುತ್ತ ಬಂದು, ಒಂದೆಡೆ ನಿಂತು, “ನನ್ನದು ಇಲ್ಲಿಗೆ ಮುಗಿಯಿತು, ಅಲ್ಲವೇ?” ಎಂದರು. ನನ್ನ ಹೆಣಿಗೆಯ ತಪ್ಪುಗಳನ್ನು ಕಣ್ಣು ಮುಚ್ಚಿಯೇ ಹೇಳುತ್ತಿದ್ದ ಬೆರಳುಗಳವು. ಆದರೆ ಅವು ನಿಂತ ಸ್ಥಳವು ನಿಜವಾದ ಸಂಧಿಗಿಂತ ಒಂದು ಗೇಣು ಮುಂದಿದ್ದಿತು. ನಾನು ಹೆಣೆದ ಒಂದು ಗೇಣನ್ನು ಅವರು ತಮ್ಮದೆಂದು ಎಣಿಸಿದ್ದರು.

“ಹೌದಮ್ಮ, ಅಲ್ಲಿಗೇ” ಎಂದೆನು.

ಮಫ್ಲರು ಅಬರ್ಡೀನನ್ನು ಸೇರಿದೆ. ಮತ್ತೆ ತೊಳೆದಾಗ ಮತ್ತೆ ಹೀಗೆಯೇ ಎಳೆದು ಒಣಗಿಸಬೇಕೆಂದೂ, ಬಿಸಿನೀರನ್ನು ಮಾತ್ರ ಮುಟ್ಟಿಸಕೂಡದೆಂದೂ ಹುಡುಗಿಗೆ ಬರೆದಿರುವೆನು. ಅವಳ ತಂದೆಯ ಸ್ವೆಟರಿನ ಕಥೆಯನ್ನೂ ಜೊತೆಗೆ ಬರೆದೆನು.