ಅಣ್ಣಿಗೇರಿಯ ಅಲಾರಾಮು

ಮನೆಗೂ ಬುದ್ಧಿ ಬರುವ ಕಾಲವಿದು. ಯಜಮಾನ ಹೊಸ್ತಿಲು ದಾಟುತ್ತಲೇ ದೀಪ ಹತ್ತಬೇಕು. ಸೆಕೆಯಾದರೆ ಫ್ಯಾನು ತಾನಾಗಿ ತಿರುಗಬೇಕು. ಅಡುಗೆಮನೆಯಲ್ಲಿ ಗ್ಯಾಸು ಸೋರಿದರೆ ಮನೆಯೇ ಕೂಗಿಕೊಳ್ಳಬೇಕು. ಇದಕ್ಕೆ 'ಸ್ಮಾರ್ಟ್ ಹೋಮ್' ಎಂದು ಹೆಸರು. 'ಜಾಣ ಮನೆ' ಎಂದರೆ ಕನ್ನಡಕ್ಕೇನೂ ಕೊರತೆಯಾಗದು. ಇಂಥ ಮನೆಗೆ ಬೇಕಾದ ಸಾಧನಗಳನ್ನು ದೊಡ್ಡ ಕಂಪನಿಗಳವರಷ್ಟೇ ಏಕೆ, ಪಡಸಾಲೆಯಲ್ಲಿ ಕುಳಿತು ತಂತಿ ಬೆಸೆಯುವವರೂ ಮಾಡಲಿ ಎಂದು ಈಗ ಸ್ಪರ್ಧೆಗಳು ನಡೆಯುತ್ತವೆ. ಒಂದು ಪುಟದ ವಿವರಣೆ, ಸರ್ಕಿಟ್ಟಿನ ನಕ್ಷೆ, ಕೆಲಸ ಮಾಡುವ ಮಾದರಿ, ಎರಡು ಮೂರು ನಿಮಿಷದ ವಿಡಿಯೋ - ಇಷ್ಟನ್ನು ಕಳಿಸಿದರಾಯಿತು. ಸ್ಪರ್ಧೆ ಯಾವುದೇ ಇರಲಿ, ಅರ್ಜಿಯಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಈ ಸಾಧನ ಯಾವ ತೊಂದರೆಯನ್ನು ನಿವಾರಿಸುತ್ತದೆ?

ನವಲಗುಂದ, ಕುಂದಗೋಳ, ಕಲಘಟಗಿ ಕಡೆಯ ಹುಡುಗರು ಎಡವುವುದು ಇಲ್ಲಿಯೇ. ಬಿಡಿಭಾಗಗಳಿಗೆ ಈಗ ಬರವಿಲ್ಲ. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಸಣ್ಣ ಊರಿನಲ್ಲಿ ವಿದ್ಯಾರ್ಥಿಗಳಿಗಾಗಿ ಹುಟ್ಟಿದ 'ಆರ್ಡುಯಿನೊ' ಎಂಬ ಪುಟ್ಟ ಗಣಕ ಫಲಕ ಇಂದು ಕುಂದಗೋಳದ ಹಳ್ಳಿಗೂ ಟಪಾಲಿನಲ್ಲಿ ಬರುತ್ತದೆ. ಆದರೆ ಬಿಡಿಭಾಗಗಳ ಜೊತೆಗೆ ಸಿದ್ಧ ಮಾದರಿಗಳೂ ಬರುತ್ತವೆ. ಚಪ್ಪಾಳೆ ತಟ್ಟಿದರೆ ಹತ್ತುವ ದೀಪ ಅವುಗಳಲ್ಲಿ ಒಂದು. ಅದನ್ನು ಮಾಡಿ ತೋರಿಸಿದ ಮೊಮ್ಮಗನಿಗೆ ಅಜ್ಜಿ, "ಯಾಕೋ ತಮ್ಮಾ, ಸ್ವಿಚ್ಚಿಗೇನು ಧಾಡಿ ಆಗೇತಿ?" ಎಂದು ಕೇಳಿದರೆ ಅವನ ಬಳಿ ಉತ್ತರವಿರುವುದಿಲ್ಲ. ಸ್ಪರ್ಧೆಯ ತೀರ್ಪುಗಾರರು ಕೇಳುವುದೂ ಅದನ್ನೇ, ಮಾತು ಕೊಂಚ ನಯ, ಅಷ್ಟೆ.

ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ಧಾರವಾಡ ಜಿಲ್ಲೆಯವನೇ ಒಬ್ಬ ಯುವಕ ಬಹಳ ಹಿಂದೆಯೇ ಕೊಟ್ಟಿದ್ದ. ಅದೂ ಯಾವ ಸ್ಪರ್ಧೆಗೂ ಅರ್ಜಿ ಹಾಕದೆ! ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಹೆಸರನ್ನು ಕೇಳದ ರೈತರು ಆ ಕಡೆ ಕಡಿಮೆ. ಅವರ ಬಿತ್ತನೆಯ ಕೂರಿಗೆ, ಹುಣಸೆ ಬೀಜ ಬಿಡಿಸುವ ಯಂತ್ರ ಹೆಸರಾದವು. ಆದರೆ ಅವರ ಮೊದಲ ಯಂತ್ರ ಹೊಲಕ್ಕೆ ಸಂಬಂಧಿಸಿದ್ದಲ್ಲ. ಅದು ಮನೆಯೊಳಗಿನದು, ಹಾಸಿಗೆಯ ತಲೆದೆಸೆಯದು.

ಯುವಕ ನಡಕಟ್ಟಿನರಿಗೆ ಬೆಳಿಗ್ಗೆ ಬೇಗ ಏಳುವುದಾಗುತ್ತಿರಲಿಲ್ಲ. ಅಲಾರಾಮು ಬಡಿದುಕೊಂಡರೂ ನಿದ್ದೆ ಬಿಡದು. ಅದಕ್ಕವರು ಒಂದು ಉಪಾಯ ಹೂಡಿದರು. ಚಾವಿ ಕೊಡುವ ಗಡಿಯಾರದಲ್ಲಿ ಅಲಾರಾಮು ಬಡಿಯುತ್ತಿದ್ದಂತೆ ಒಳಗಿನ ಸ್ಪ್ರಿಂಗು ಬಿಚ್ಚಿಕೊಳ್ಳುತ್ತದೆ. ಅದರೊಡನೆ ಹಿಂಬದಿಯ ಚಾವಿಯೂ ಹಿಮ್ಮುಖವಾಗಿ ತಿರುಗುತ್ತದೆ. ಆ ಚಾವಿಗೆ ಒಂದು ತೆಳುವಾದ ದಾರ ಕಟ್ಟಿದರು. ದಾರದ ಇನ್ನೊಂದು ತುದಿ ನೀರು ತುಂಬಿದ ಬಾಟಲಿಗೆ. ಚಾವಿ ತಿರುಗಿದಂತೆ ದಾರ ಸುತ್ತಿಕೊಂಡು ಬಿಗಿಯಾಗುತ್ತದೆ, ಬಾಟಲಿ ವಾಲುತ್ತದೆ, ಮಲಗಿದವನ ಮುಖದ ಮೇಲೆ ತಣ್ಣೀರು! ಇನ್ನು ಏಳದೆ ಗತಿಯೆಲ್ಲಿ?

ಕೇಳಿದವರು ನಗುತ್ತಾರೆ. ನಗು ಮುಗಿದ ಮೇಲೆ ಸ್ವಲ್ಪ ಯೋಚಿಸಬೇಕು. ಜಾಣ ಮನೆಯ ಯಾವ ಸಾಧನಕ್ಕಾದರೂ ಮೂರು ಅಂಗ. ಮೊದಲನೆಯದು, ಆಗಿರುವುದನ್ನು ಅರಿಯುವ ಅಂಗ - ಅದಕ್ಕೆ ಸೆನ್ಸರ್ ಎನ್ನುತ್ತಾರೆ. ಎರಡನೆಯದು, ಈಗ ಏನು ಮಾಡಬೇಕೆಂದು ನಿರ್ಧರಿಸುವ ಅಂಗ. ಮೂರನೆಯದು, ಮಾಡಿ ಮುಗಿಸುವ ಅಂಗ. ಅಣ್ಣಿಗೇರಿಯ ಅಲಾರಾಮಿನಲ್ಲಿ ಮೂರೂ ಇವೆ. ಗಡಿಯಾರ ಹೊತ್ತನ್ನು ಅರಿಯುತ್ತದೆ. ದಾರದ ಉದ್ದ ತೀರ್ಮಾನಿಸುತ್ತದೆ: ದಾರ ಸಡಿಲವಿದ್ದರೆ ಗಂಟೆ ಬಹಳ ಹೊತ್ತು ಬಡಿದ ಮೇಲೆ ನೀರು ಬೀಳುವುದು, ಬಿಗಿಯಾಗಿದ್ದರೆ ಬೇಗ. ಬಾಟಲಿ ಕೆಲಸ ಮುಗಿಸುತ್ತದೆ. ವಿದ್ಯುತ್ತು ಬೇಡ, ಇಂಟರ್‌ನೆಟ್ಟು ಬೇಡ. ಎಲ್ಲಕ್ಕಿಂತ ಮಿಗಿಲಾಗಿ, 'ಇದರಿಂದ ನಿವಾರಣೆಯಾಗುವ ತೊಂದರೆ ಯಾವುದು' ಎಂದು ಯಾರೂ ಕೇಳಬೇಕಾಗಿಯೇ ಇಲ್ಲ. ತೊಂದರೆ ಹಾಸಿಗೆಯ ಮೇಲೇ ಮಲಗಿದೆ!

ಮುಂದೆ ಅವರು ಒಣಭೂಮಿಯಲ್ಲಿ ಹುಣಸೆ ಬೆಳೆಸಿದರು. ಬೆಳೆದ ಹುಣಸೆಯ ಬೀಜ ಬಿಡಿಸುವುದು ಕಷ್ಟವಾದಾಗ ಅದಕ್ಕೊಂದು ಯಂತ್ರ. ಹಣ್ಣನ್ನು ಹೆಚ್ಚುವುದು ಕಷ್ಟವಾದಾಗ ಇನ್ನೊಂದು. ಬೀಜ ಮತ್ತು ಗೊಬ್ಬರ ಒಟ್ಟಿಗೆ ಬಿತ್ತುವ ಕೂರಿಗೆ, ನೀರು ಕಾಯಿಸುವ ಬಾಯ್ಲರು, ಕಬ್ಬು ನಾಟಿ ಮಾಡುವ ಯಂತ್ರ... ಹೀಗೆ ಒಂದರ ಬೆನ್ನಿಗೆ ಒಂದು. ಪ್ರತಿಯೊಂದೂ ಎದುರಿಗೆ ಬಂದು ನಿಂತ ಕಷ್ಟಕ್ಕೆ ಕೊಟ್ಟ ಉತ್ತರ. ಹೊರಗಿನ ಲೋಕದ ಮನ್ನಣೆ ಬಂದದ್ದು ಎಷ್ಟೋ ವರ್ಷಗಳ ನಂತರ. 2015ರಲ್ಲಿ ರಾಷ್ಟ್ರಪತಿ ಭವನದಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಜೀವಮಾನ ಸಾಧನೆಯ ಪ್ರಶಸ್ತಿ, 2022ರಲ್ಲಿ ಪದ್ಮಶ್ರೀ.

ಈ ಪ್ರತಿಷ್ಠಾನದ ಹಿನ್ನೆಲೆಯೂ ತಿಳಿದಿರಬೇಕಾದದ್ದು. ಅಹಮದಾಬಾದಿನ ಐಐಎಂ ಸಂಸ್ಥೆಯ ಪ್ರಾಧ್ಯಾಪಕ ಅನಿಲ್ ಗುಪ್ತ ಅವರು 1980ರ ದಶಕದ ಕೊನೆಯಲ್ಲಿ 'ಹನಿ ಬೀ ನೆಟ್‌ವರ್ಕ್' ಎಂಬ ಬಳಗ ಕಟ್ಟಿದರು. ಜೇನ್ನೊಣ ಹೂವಿಗೆ ನೋವು ಮಾಡದೆ ಮಧು ಹೀರುತ್ತದೆ, ಹೂವಿನಿಂದ ಹೂವಿಗೆ ಪರಾಗವನ್ನೂ ಒಯ್ಯುತ್ತದೆ. ಹಳ್ಳಿಯ ಜಾಣ್ಮೆಯನ್ನು ಸಂಗ್ರಹಿಸುವವರೂ ಹಾಗಿರಬೇಕು ಎಂಬುದು ಆ ಹೆಸರಿನ ಅರ್ಥ. 2000ದಲ್ಲಿ ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬೆಂಬಲದಿಂದ ಪ್ರತಿಷ್ಠಾನ ಹುಟ್ಟಿದ್ದು ಇದೇ ಬಳಗದ ಬೆನ್ನಿಗೆ. ಎರಡು ವರ್ಷಕ್ಕೊಮ್ಮೆ ಅದು ನಡೆಸುವ ಸ್ಪರ್ಧೆಯಲ್ಲಿ ಪದವಿ ಇಲ್ಲದ ರೈತ, ಮೆಕ್ಯಾನಿಕ್ಕು, ಗೃಹಿಣಿಯರಿಗೆ ಆದರದ ಸ್ಥಾನ. ಬಳಗದವರು ಊರೂರಿಗೆ ನಡೆದು ಹೋಗಿ 'ಶೋಧಯಾತ್ರೆ' ಮಾಡುವುದೂ ಉಂಟು. ಸ್ಪರ್ಧಿಯೇ ಸ್ಪರ್ಧೆಯನ್ನು ಹುಡುಕಿಕೊಂಡು ಹೋಗಬೇಕೆಂದಿಲ್ಲ ಎಂಬುದನ್ನು ಅವರು ಮೊದಲೇ ಕಂಡುಕೊಂಡಿದ್ದರು.

ಹಾಗಾದರೆ ಇಂದು ಅರ್ಜಿ ಬರೆಯಲು ಕುಳಿತ ಹುಡುಗನೋ ಹುಡುಗಿಯೋ ಮಾಡಬೇಕಾದ್ದೇನು? ಮೊದಲು ಮನೆಯೊಳಗೆ ಕಣ್ಣಾಡಿಸಬೇಕು. ಎರೆಸೀಮೆಯ ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವನ್ನು ತೆರೆದ ಕೂಡಲೇ ಒಳಗಿಳಿಯುತ್ತಿರಲಿಲ್ಲ. ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲವೆಂದು ಅರ್ಥ. ಇಂದಿನ ಗ್ಯಾಸ್ ಸೆನ್ಸರಿನ ಅಜ್ಜಿ ಎಂದರೆ ಆ ದೀಪವೇ. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಹಗ್ಗ ಕಟ್ಟಿ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ನಡುನಡುವೆ ಜಗ್ಗಿ ತೂಗುವ ತಾಯಿಯನ್ನು ಕಾಣದವರಾರು? ಅದೂ ಒಂದು ದೂರ ನಿಯಂತ್ರಣವೇ.

ಮಗು ಅತ್ತರೆ ತಾನೇ ತೂಗುವ ತೊಟ್ಟಿಲು ಇಂಥ ಸ್ಪರ್ಧೆಗಳಿಗೆ ಒಗ್ಗುವ ವಿಷಯ. ಮಾಡಹೊರಟವರು ಒಂದು ಲೆಕ್ಕ ಹಾಕಬೇಕು. ತೊಟ್ಟಿಲೆಂದರೆ ಒಂದು ಲೋಲಕ. ತೂಗುವ ಉದ್ದ ಎರಡು ಮೀಟರ್ ಇದ್ದರೆ ಅದು ಹೋಗಿ ಬರಲು ಹೆಚ್ಚು ಕಡಿಮೆ 2.8 ಸೆಕೆಂಡು ಬೇಕು. ಮೋಟಾರು ಆ ಲಯಕ್ಕೆ ಸರಿಯಾಗಿ ನೂಕಿದರೆ ಬೆರಳಿನಷ್ಟು ಬಲ ಸಾಕು. ತನ್ನದೇ ಲಯದಲ್ಲಿ ನೂಕಿದರೆ ತೊಟ್ಟಿಲಿಗೂ ಮೋಟಾರಿಗೂ ಜಗಳ. ತಾಯಿಯ ಕೈಗೆ ಈ ಲೆಕ್ಕ ಕಲಿಸದೆಯೇ ಬಂದಿದೆ. ಇನ್ನೊಂದು ಮಾತು: ಮಗು ನಿದ್ದೆಗಾಗಿಯೂ ಅಳುತ್ತದೆ, ಹಸಿದೂ ಅಳುತ್ತದೆ. ತಾಯಿಗೆ ಎರಡರ ವ್ಯತ್ಯಾಸ ತಿಳಿಯುತ್ತದೆ. ಬರಿಯ ಸದ್ದನ್ನು ಅಳೆಯುವ ಮೈಕಿಗೆ ತಿಳಿಯದು. ಅದು ಹಸಿದ ಮಗುವನ್ನೂ ತೂಗುತ್ತಲೇ ಇರುತ್ತದೆ. ಅಂಥ ಕಡೆ ಯಂತ್ರ ತೂಗುವುದಕ್ಕಿಂತ ಹೊಲದಂಚಿನಲ್ಲಿರುವ ತಾಯಿಗೆ ಸುದ್ದಿ ಮುಟ್ಟಿಸುವುದೇ ಲೇಸು. ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಬಾರದೆಂಬ ತಿಳಿವಳಿಕೆಯೂ ವಿನ್ಯಾಸದ ಭಾಗವೇ.

ನವಲಗುಂದ ಸೀಮೆಯ ಮನೆಗಳ ದೊಡ್ಡ ಚಿಂತೆ ನೀರು. ಬಾವಿ ತೋಡಿದರೆ ಬಹಳ ಕಡೆ ಸವಳು ನೀರು. ಕುಡಿಯಲು ಕೆರೆಯೇ ಗತಿ. ನಳ ಬಂದ ದಿನ ನೆಲದ ತೊಟ್ಟಿ ತುಂಬಿಸಿ, ಅಲ್ಲಿಂದ ಮಾಳಿಗೆಯ ಟಾಕಿಗೆ ಏರಿಸಬೇಕು. ಮೋಟಾರು ಹಚ್ಚಿ ಮರೆತರೆ ಟಾಕಿ ತುಂಬಿ ಹರಿಯಿತೆಂದೇ ತಿಳಿಯಿರಿ. ನಿಮಿಷಕ್ಕೆ 30 ಲೀಟರ್ ಏರುತ್ತದೆಂದು ಹಿಡಿದರೂ ಹತ್ತು ನಿಮಿಷದ ಮರೆವಿಗೆ 300 ಲೀಟರ್. 15 ಲೀಟರಿನ ಕೊಡದಲ್ಲಿ ಅಳೆದರೆ 20 ಕೊಡ! ಇದು ಸ್ಪರ್ಧೆಗೆ ಯೋಗ್ಯವಾದ ತೊಂದರೆ.

ಇದಕ್ಕೆ ಪೇಟೆಯ ಪೆಟ್ಟಿಗೆಗಳಲ್ಲಿ ಸಿಗುವ ಉತ್ತರ ಶಬ್ದಾತೀತ ತರಂಗದ ಸೆನ್ಸರು. ಅದು ಕಿವಿಗೆ ಕೇಳದ ಶಬ್ದವನ್ನು ನೀರಿನತ್ತ ಕಳಿಸಿ, ಪ್ರತಿಧ್ವನಿ ಮರಳುವ ಹೊತ್ತನ್ನು ಅಳೆದು ನೀರು ಎಷ್ಟು ಕೆಳಗಿದೆ ಎಂದು ಹೇಳುತ್ತದೆ. ಚೆಂದದ ತತ್ವ. ಆದರೆ ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್ ಇದ್ದದ್ದು 40 ಡಿಗ್ರಿಗೆ ಸುಮಾರು 355 ಆಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಾದ ಕರಿ ಪ್ಲಾಸ್ಟಿಕ್ ಟಾಕಿಯೊಳಗೆ, ಒಂದು ಮೀಟರ್ ಆಳದ ಅಳತೆಯಲ್ಲಿ ಮೂರೂವರೆ ಸೆಂಟಿಮೀಟರ್ ತಪ್ಪು. ಸಾಲದ್ದಕ್ಕೆ ಆವಿಯ ಹನಿ ಸೆನ್ಸರಿನ ಮುಖಕ್ಕೆ ಅಂಟಿಕೊಳ್ಳುತ್ತದೆ. ಶಾಖವನ್ನೂ ಅಳೆದು ಲೆಕ್ಕ ತಿದ್ದಬಹುದು, ನಿಜ. ಇಲ್ಲವೇ ಒಂದು ತೇಲುಗುಂಡನ್ನು ಇಳಿಬಿಡಬಹುದು. ನೀರು ಏರಿದರೆ ಗುಂಡು ಏರುತ್ತದೆ, ಸ್ವಿಚ್ಚು ಒತ್ತುತ್ತದೆ. ಅದಕ್ಕೆ ಏಪ್ರಿಲ್ಲೂ ಒಂದೇ, ಡಿಸೆಂಬರೂ ಒಂದೇ. ಯಾವುದನ್ನು ಏಕೆ ಆರಿಸಿದೆ ಎಂದು ಅರ್ಜಿಯಲ್ಲಿ ನಾಲ್ಕು ಸಾಲು ಬರೆಯಬಲ್ಲವರು ಅರ್ಧ ದಾರಿ ಸವೆಸಿದಂತೆಯೇ.

ಇನ್ನರ್ಧ ದಾರಿಯಲ್ಲಿ ಅಪಾಯವಿದೆ. ಕಲಿಕೆಯ ಪೆಟ್ಟಿಗೆಗಳಲ್ಲಿ ಬರುವ ನೀಲಿ ರಿಲೇಯ ಮೇಲೆ '10 ಆಂಪಿಯರ್' ಎಂದು ಬರೆದಿರುತ್ತದೆ. ಒಂದು ಅಶ್ವಶಕ್ತಿಯ ಮೋಟಾರು ಓಡುವಾಗ ಅದಕ್ಕಿಂತ ಕಡಿಮೆಯನ್ನೇ ಎಳೆಯುತ್ತದೆ. ಹೊರಡುವ ಆ ಕ್ಷಣದಲ್ಲಿ ಮಾತ್ರ ಅದರ ಹಲವು ಪಟ್ಟು. ಆಗ ರಿಲೇಯ ಒಳಗಿನ ಲೋಹದ ತುದಿಗಳು ಕಿಡಿಗೆ ಬೆಸೆದುಕೊಳ್ಳಬಹುದು. ಬೆಸೆದರೆ ಗಣಕ ಎಷ್ಟೇ 'ನಿಲ್ಲು' ಎಂದರೂ ಮೋಟಾರು ನಿಲ್ಲದು. ಆದ್ದರಿಂದ ನಡುವೆ ಕಾಂಟ್ಯಾಕ್ಟರು ಹಾಕಬೇಕು, 230 ವೋಲ್ಟಿನ ತಂತಿಯ ಕೆಲಸಕ್ಕೆ ಬಲ್ಲ ಎಲೆಕ್ಟ್ರಿಶಿಯನ್ನರನ್ನು ಕರೆಯಬೇಕು. ಕರೆಂಟು ಹೋಗಿ ಬಂದರೆ ಸಾಧನ ಯಾವ ಸ್ಥಿತಿಯಲ್ಲಿರುತ್ತದೆ? ತೊಟ್ಟಿ ಬರಿದಾದರೆ ಮೋಟಾರು ನಿಲ್ಲುತ್ತದೆಯೇ? ಫೋನಿನ ಸಿಗ್ನಲ್ ಇಲ್ಲದಾಗ ಕೈಯಿಂದ ನಡೆಸಲು ಬರುತ್ತದೆಯೇ? ಪ್ರದರ್ಶನದ ಮೇಜಿನ ಮೇಲೆ ಬಲ್ಬು ಹತ್ತಿಸಿ ತೋರಿಸುವಾಗ ಈ ಪ್ರಶ್ನೆಗಳು ಏಳುವುದಿಲ್ಲ. ಮನೆಯಲ್ಲಿ ಮೊದಲ ವಾರವೇ ಏಳುತ್ತವೆ.

ಇಂಥ ಮನೆಮಾತಿನ ತೊಂದರೆಯಿಂದ ಹೊರಟು ಗೆದ್ದವರಿದ್ದಾರೆ. ಅಪರಾತ್ರಿಯಲ್ಲಿ ಕರೆಂಟು ಬಂದಾಗ ರೈತ ಹಾವು ಚೇಳಿನ ದಾರಿಯಲ್ಲಿ ಹೊಲಕ್ಕೆ ನಡೆದು ಪಂಪು ಹಚ್ಚಬೇಕಾದ ಕಷ್ಟ ಧಾರವಾಡಕ್ಕೂ ಹೊಸದಲ್ಲ, ಪಕ್ಕದ ಮಹಾರಾಷ್ಟ್ರಕ್ಕೂ ಹೊಸದಲ್ಲ. ಪುಣೆಯ ಎಂಜಿನಿಯರ್ ಸಂತೋಷ್ ಓಸ್ತವಾಲ್ ಅವರು ಮೊಬೈಲ್ ಫೋನಿನಿಂದಲೇ ಪಂಪು ಹಚ್ಚುವ, ಆರಿಸುವ 'ನ್ಯಾನೋ ಗಣೇಶ್' ಸಾಧನ ಮಾಡಿದರು. 2009ರಲ್ಲಿ ನೋಕಿಯಾ ಕಂಪನಿಯ ಜಾಗತಿಕ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು.

ಶಾಲೆಯ ಮಕ್ಕಳಿಗಾದರೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯೂ ಇದೇ ಪ್ರತಿಷ್ಠಾನವೂ ಸೇರಿ ನಡೆಸುವ 'ಇನ್‌ಸ್ಪೈರ್-ಮಾನಕ್' ಯೋಜನೆ ಇದೆ. ಶಾಲೆಯ ಮೂಲಕ ವಿಚಾರ ಕಳಿಸಬೇಕು. ಆಯ್ಕೆಯಾದ ವಿದ್ಯಾರ್ಥಿಯ ಖಾತೆಗೆ ಮಾದರಿ ತಯಾರಿಸಲು 10,000 ರೂಪಾಯಿ ಬರುತ್ತದೆ. ಮುಂದೆ ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದ ಪ್ರದರ್ಶನಗಳು. ಇಲ್ಲೊಂದು ಎಚ್ಚರಿಕೆ ಅಗತ್ಯ. ವಿಚಾರ ನಿಜಕ್ಕೂ ಹೊಸದಾಗಿದ್ದರೆ, ಅದರ ಒಳಗುಟ್ಟನ್ನೆಲ್ಲ ವಿಡಿಯೋ ಮಾಡಿ ಊರಿಗೆಲ್ಲ ಹಂಚುವ ಮುನ್ನ ಪೇಟೆಂಟಿನ ವಿಷಯ ವಿಚಾರಿಸುವುದು ಒಳ್ಳೆಯದು. ಮೊದಲೇ ಬಹಿರಂಗವಾದದ್ದು ಕಾನೂನಿನ ಕಣ್ಣಿಗೆ ಹೊಸದಾಗಿ ಉಳಿಯುವುದು ಕಷ್ಟ. ಕೆಲವು ಸ್ಪರ್ಧೆಗಳು ವಿನ್ಯಾಸವನ್ನು ಎಲ್ಲರಿಗೂ ತೆರೆದಿಡಬೇಕೆಂದೇ ಷರತ್ತು ಹಾಕುತ್ತವೆ. ತೆರೆದಿಡುವುದು ದೊಡ್ಡ ಗುಣವೇ. ಆದರೆ ಷರತ್ತನ್ನು ಓದಿ, ತಿಳಿದು ತೆರೆದಿಡಬೇಕು.

ಇಷ್ಟೆಲ್ಲ ಮಾಡಿಯೂ ಬಹುಮಾನ ಬಾರದಿರಬಹುದು. ಪೇಟೆಯ ಕಾಲೇಜುಗಳ ಮಾದರಿಗಳು ನುಣುಪಾದ ಡಬ್ಬಿಯಲ್ಲಿ ಮಿಂಚುತ್ತಿರುವಾಗ, ಹಳೆಯ ಎಣ್ಣೆ ಡಬ್ಬಿಯಲ್ಲಿ ಕೂಡಿಸಿದ ಸಾಧನ ಮಂಕಾಗಿ ಕಂಡೀತು. ಹುಡುಗಿ ಕಣ್ಣೀರು ತುಂಬಿಕೊಂಡು ಬಸ್ಸು ಹತ್ತಿಯಾಳು. ಅಪ್ಪ, "ಇದರಾಗ ಹೊತ್ತು ಕಳಿಯೂ ಬದಲಿ ಪುಸ್ತಕ ಓದಿದ್ರ ಮಾರ್ಕ್ಸರ ಬರತಿದ್ವು" ಎಂದಾನು. ಮಾದರಿಯನ್ನು ಅಟ್ಟಕ್ಕೆಸೆಯದಂತೆ ನೋಡಿಕೊಳ್ಳಬೇಕಾದ ಗಳಿಗೆ ಅದು. ಗೆದ್ದ ಮಾದರಿಗಳೂ ಅಟ್ಟ ಸೇರುವುದುಂಟು. ಫೋಟೋ ತೆಗೆಸಿಕೊಂಡ ಮೇಲೆ ಅವುಗಳನ್ನು ಕೇಳುವವರಿರುವುದಿಲ್ಲ.

ಮರುದಿನ ಅದನ್ನು ಮಾಳಿಗೆಯ ಟಾಕಿಗೆ ಜೋಡಿಸಲಿ. ಒಂದು ಮಳೆಗಾಲ, ಒಂದು ಬೇಸಿಗೆ ಅದು ದುಡಿಯಲಿ. ಕೆಟ್ಟಾಗ ಯಾವ ಭಾಗ ಕೆಟ್ಟಿತೆಂದು ವಹಿಯಲ್ಲಿ ತಾರೀಖು ಹಾಕಿ ಬರೆದಿಡಲಿ. ಮುಂದಿನ ಸಲದ ಅರ್ಜಿಗೆ ಆ ವಹಿಗಿಂತ ಮಿಗಿಲಾದ ಪುರಾವೆ ಬೇಕಿಲ್ಲ. ಅಡುಗೆಮನೆಯಲ್ಲಿದ್ದ ಅವ್ವ ನೀರು ಹರಿಯುವ ಸದ್ದಿಗೆ ಕಿವಿಗೊಟ್ಟು ಕೂಡುವುದನ್ನು ಎಂದಾದರೂ ಮರೆತರೆ, ಪಕ್ಕದ ಮನೆಯವರು ಬಂದು, "ನಮ್ಮ ಟಾಕಿಗೂ ಅಂಥಾದ್ದೊಂದು ಮಾಡಿ ಕೊಡವಾ" ಎಂದು ಕೇಳಿದರೆ, ತೀರ್ಪು ಬಂದಂತಾಯಿತು.