ನಳಿಗೆ ಸವೆದಿದೆಯಂತೆ!

ಮೊದಲೇ ಹೇಳಿಬಿಡ್ತೀನಿ, ಇದು ಬಂದೂಕಿನ ಬಗ್ಗೆ ಬರಹ. ಆದರೆ ಇದರಲ್ಲಿ ಯಾರೂ ಸಾಯೋದಿಲ್ಲ, ಬೇಟೆಯೂ ಇಲ್ಲ. ಇರೋದು ಒಂದಷ್ಟು ಕಾಗದದ ಗುರಿಗಳು, ಒಂದು ಹಳೇ ರಿವಾಲ್ವರು, ಮತ್ತೊಂದು ಪ್ರಶ್ನೆ: ನಿಜವಾಗಿ ಸವೆದದ್ದು ಯಾವುದು? ಹಳೇ ಸ್ಕೂಟರು, ಅಮ್ಮನ ಕಾಲದ ಹೊಲಿಗೆ ಮಷೀನು ಇಟ್ಟುಕೊಂಡು ಒದ್ದಾಡೋರಿಗೆಲ್ಲ ಈ ಪ್ರಶ್ನೆ ಚೆನ್ನಾಗಿ ಗೊತ್ತು. ಹಾಗಾಗಿ ಬಂದೂಕು ಅಂದ ಕೂಡಲೇ ಎದ್ದು ಹೋಗಬೇಡಿ :-)

ಮಲೆನಾಡು, ಕೊಡಗಿನ ಕಡೆಯವರಿಗೆ ಕೇಪಿನ ಕೋವಿ ಗೊತ್ತಿರುತ್ತೆ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ ಗಿಡಿದು, ಹಿಂದುಗಡೆ ಪುಟ್ಟದೊಂದು ತಾಮ್ರದ ಕೇಪು ಸಿಕ್ಕಿಸಿ ಕುದುರೆ ಎಳೆಯೋ ಕೋವಿ. ಅದೇ ಕೆಲಸವನ್ನ ಒಂದು ತಿರುಗೋ ಸಿಲಿಂಡರಿನ ಆರು ಗೂಡುಗಳಲ್ಲಿ ಮೊದಲೇ ಮಾಡಿಟ್ಟುಕೊಂಡರೆ ಅದೇ ಕೇಪಿನ ರಿವಾಲ್ವರ್. ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ 1836ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡ. ಅವನ 1851ರ ನೇವಿ, 1860ರ ಆರ್ಮಿ ಮಾದರಿಗಳು ಅಲ್ಲಿನ ಅಂತರ್ಯುದ್ಧದಲ್ಲಿ (1861-65) ಲಕ್ಷಗಟ್ಟಲೆ ಕೈಗಳಲ್ಲಿದ್ದವು. ಆಮೇಲೆ ಹಿತ್ತಾಳೆಯ ತೋಟಾ ಬಂತು, ಇವೆಲ್ಲ ಮೂಲೆ ಸೇರಿದವು.

ಮತ್ತೆ ಜೀವ ಬಂದದ್ದು ಇಟಲಿಯಲ್ಲಿ. 1950ರ ದಶಕದ ಕೊನೆಯಲ್ಲಿ ವಾಲ್ ಫೋರ್ಗೆಟ್ ಅನ್ನೋ ಅಮೆರಿಕನ್ ವ್ಯಾಪಾರಿ ಬ್ರೆಶಿಯಾ ಹತ್ತಿರದ ಗಾರ್ಡೋನೆ ಕಣಿವೆಗೆ ಹೋಗಿ, ಕೋಲ್ಟ್ ನೇವಿಯ ಪ್ರತಿಕೃತಿ ಮಾಡಿಕೊಡಿ ಅಂತ ಕೇಳಿದ. ಅಲ್ಲಿ ಬಂದೂಕು ಮಾಡೋದು ಶತಮಾನಗಳ ಕಸುಬು. ಬೆರೆಟ್ಟಾ ಮನೆತನದ ಲೆಕ್ಕವೇ 1526ರಿಂದ ಶುರುವಾಗುತ್ತೆ. 1959ರಲ್ಲಿ ಆಲ್ಡೋ ಉಬೆರ್ತಿ ತನ್ನ ಕಾರ್ಖಾನೆ ತೆರೆದ. ಅಂತರ್ಯುದ್ಧದ ನೂರನೇ ವರ್ಷ ಎದುರಿಗೇ ಇತ್ತು, ಕೊಳ್ಳೋರಿಗೆ ಬರವಿರಲಿಲ್ಲ. ಅವತ್ತು ಹೊಸದಾಗಿದ್ದ ಆ ನಕಲುಗಳಿಗೆ ಈಗ ಅರವತ್ತು ದಾಟಿದೆ. ಅಸಲಿಗೆ ಮುಪ್ಪು ಬಂದರೆ ಮ್ಯೂಸಿಯಮ್ಮು, ನಕಲಿಗೆ ಮುಪ್ಪು ಬಂದರೆ? ಯಾರೂ ಯೋಚನೆ ಮಾಡಿರಲಿಲ್ಲ ಅನ್ಸುತ್ತೆ.

ನನಗೆ ಇದರ ಹುಚ್ಚು ಹತ್ತಿಸಿದ್ದು ಇಲ್ಲಿ ಸಿನ್ಸಿನಾಟಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ. (ಹೆಸರು ಬೇಡ, ಅಜ್ಜ ಅಂತಲೇ ಕರೀತೀನಿ.) ಜೀವಮಾನವೆಲ್ಲ ಮೆಷಿನ್ ಟೂಲ್ ಕಾರ್ಖಾನೆಯಲ್ಲಿ ದುಡಿದ ಟೂಲ್‌ಮೇಕರ್. ಗ್ಯಾರೇಜಿನಲ್ಲಿ ಕಾರಿಗೆ ಜಾಗ ಇಲ್ಲ, ಲೇತ್ ಇದೆ. ಅವರ ಹತ್ತಿರ 1860ರ ಆರ್ಮಿಯ ಇಟಾಲಿಯನ್ ಪ್ರತಿಕೃತಿ ಇದೆ, .44 ಕ್ಯಾಲಿಬರು. ಅದರ ಮೈಮೇಲೆ ಪುಟ್ಟ ಚೌಕದೊಳಗೆ 'ಎಡಿ' ಅನ್ನೋ ಎರಡು ರೋಮನ್ ಅಕ್ಷರದ ಮುದ್ರೆ. ಗಾರ್ಡೋನೆಯ ಸರ್ಕಾರಿ ಪರೀಕ್ಷಾ ಕೇಂದ್ರದ ಲೆಕ್ಕದಲ್ಲಿ 'ಎಎ' ಅಂದರೆ 1975, 'ಎಡಿ' ಅಂದರೆ 1978. ಅವತ್ತಿನಿಂದ ಅಜ್ಜ ಅದರಲ್ಲೇ ಗುರಿ ಹೊಡೀತಾ ಬಂದಿದ್ದಾರೆ. ಇಲ್ಲಿಂದ ಪಶ್ಚಿಮಕ್ಕೆ ಇಂಡಿಯಾನಾದಲ್ಲಿ ಫ್ರೆಂಡ್‌ಶಿಪ್ ಅನ್ನೋ ಪುಟ್ಟ ಹಳ್ಳಿಯಿದೆ (ಎಂಥಾ ಚಂದದ ಹೆಸರು!). ಬಾಯಿಂದ ಮದ್ದು ತುಂಬುವ ಕೋವಿಗಳ ರಾಷ್ಟ್ರೀಯ ಸಂಘದವರ ಸ್ಪರ್ಧೆಗಳು ಅಲ್ಲೇ ನಡೆಯೋದು.

ಮೂರ್ನಾಲ್ಕು ವರ್ಷಗಳಿಂದ ಅಜ್ಜನ ಗುರಿ ಕೆಡುತ್ತಾ ಬಂತು. ಗೆಳೆಯರೆಲ್ಲ ಒಂದೇ ಮಾತು: "ನಳಿಗೆ ಸವೆದಿದೆ, ಹೊಸದು ತಗೋ." ಅಜ್ಜ ಮಾತ್ರ ಸುಮ್ಮನಿರುತ್ತಿದ್ದರು. ಒಂದು ದಿನ ಗ್ಯಾರೇಜಿನಲ್ಲಿ ನನಗೆ ಹೇಳಿದರು, "ನಳಿಗೆ ಸವೆದಿದ್ದರೆ ಬೇರೆ ಹಾಕಬಹುದು. ಸವೆದಿರೋದು ನಾನೇ ಆಗಿದ್ದರೆ ಅದನ್ನ ತಿಳ್ಕೋಬೇಕಲ್ಲ." ಎಂಬತ್ತರ ಹತ್ತಿರದ ಮನುಷ್ಯ ಇಷ್ಟು ನೇರವಾಗಿ ಹೇಳಿದಾಗ ಏನು ಉತ್ತರ ಕೊಡೋದು? ನಡೀರಿ ನೋಡೇಬಿಡೋಣ ಅಂದೆ.

ಶುರು ನಳಿಗೆಯಿಂದಲೇ. ಬಿಸಿನೀರಲ್ಲಿ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ಸುರುಳಿ ಗೀರುಗಳ ಅಂಚು ಇನ್ನೂ ಚೂಪು! ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಗುಂಡು ಬರೀ ಮೆತ್ತನೆ ಸೀಸ. ಕರಿಮದ್ದಿನ ಒತ್ತಡ ಇವತ್ತಿನ ಹೊಗೆರಹಿತ ಮದ್ದಿನ ಒತ್ತಡಕ್ಕಿಂತ ಬಹಳ ಕಡಿಮೆ. (ಅದಕ್ಕೇ ಹೊಗೆರಹಿತ ಮದ್ದನ್ನ ಇವಕ್ಕೆ ತಪ್ಪಿಯೂ ಹಾಕಬಾರದು. ಒಡೆದು ಕೈ ಹೋಗುತ್ತೆ.) ಸೀಸ ಉಕ್ಕನ್ನ ಸವೆಸಬೇಕಾದರೆ ಒಂದು ಆಯುಷ್ಯ ಸಾಲದು. ಕರಿಮದ್ದಿನ ನಳಿಗೆಯನ್ನ ಕೊಲ್ಲೋದು ಹೊಡೆತ ಅಲ್ಲ, ತುಕ್ಕು. ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10, ಇದು ಮದ್ದಿನ ಪಾಕ. ಸುಟ್ಟ ಮೇಲೆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದಲ್ಲೇ ಉಳಿದು, ಹೊಗೆಯಾಗಿ ಮಸಿಯಾಗಿ ಎಲ್ಲೆಡೆ ಕೂರುತ್ತೆ. ಅದರಲ್ಲಿರೋ ಪೊಟ್ಯಾಸಿಯಂ ಲವಣಗಳು ಗಾಳಿಯ ತೇವ ಹೀರಿಕೊಂಡು ಉಕ್ಕನ್ನ ತಿನ್ನುತ್ತವೆ. ಹೊಡೆದ ದಿನವೇ ಸೋಪು, ಬಿಸಿನೀರು ಹಾಕಿ ತೊಳೆದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ. 'ನಾಳೆ ಮಾಡೋಣ' ಅಂದ ಒಂದು ಮಳೆಗಾಲದ ರಾತ್ರಿ ಸಾಕು, ಹಾಳಾಗೋಕೆ. ಅಜ್ಜ ಒಂದು ದಿನವೂ ನಾಳೆ ಅಂದವರಲ್ಲ.

ಹಾಗಾದರೆ ಇನ್ನೇನು? ಅಜ್ಜ ಒಳಗೆ ಹೋಗಿ ಒಂದು ದಪ್ಪ ಫೈಲು ತಂದರು. ಹೊಡೆದ ಗುರಿಕಾಗದಗಳು, ತಾರೀಖಿನ ಸಮೇತ, ವರ್ಷಾನುಗಟ್ಟಲೆಯವು! ಗ್ಯಾರೇಜಿನ ನೆಲದ ಮೇಲೆ ಹರಡಿಕೊಂಡು ಕೂತೆವು. ಅರ್ಧ ಗಂಟೆ ನೋಡಿದ ಮೇಲೆ ಮೂರು ಸಂಗತಿ ಕಂಡವು. ಒಂದು, ತೂತುಗಳ ಗುಂಪಿನ ನಡು ದಿನದಿಂದ ದಿನಕ್ಕೆ ಮೇಲೆ ಕೆಳಗೆ ಓಡಾಡುತ್ತಿತ್ತು. ಎರಡು, ಒಂದೇ ದಿನದ ಕಾಗದದಲ್ಲೂ ತೂತುಗಳು ಅಗಲಕ್ಕಿಂತ ಉದ್ದಕ್ಕೇ ಹೆಚ್ಚು ಚದುರಿದ್ದವು. ಮೂರು, ಸುಮಾರು ಎಲ್ಲ ಕಾಗದದಲ್ಲೂ ಒಂದು ತೂತು ಎಡಕ್ಕೆ ದೂರ, ಪಂಕ್ತಿಯಿಂದ ಎದ್ದು ಹೋಗಿ ಕೂತವರ ಹಾಗೆ.

ಮೊದಲನೆಯದಕ್ಕೆ ಕಾರಣ ಬೆಣೆ. ಕೋಲ್ಟ್ ಮಾದರಿಯಲ್ಲಿ ಸಿಲಿಂಡರಿನ ಮೇಲ್ಗಡೆ ಚೌಕಟ್ಟು ಇಲ್ಲ. ಸಿಲಿಂಡರಿನ ನಡುವೆ ತೂರಿ ಬರೋ ದಪ್ಪ ಕಂಬಿಗೆ ನಳಿಗೆಯನ್ನ ಸಿಕ್ಕಿಸಿ, ಅಡ್ಡಕ್ಕೆ ಒಂದು ಉಕ್ಕಿನ ಬೆಣೆ ಹೊಡೆದರೆ ಮುಗೀತು. ಕೋಲ್ಟ್ ಮಾಡಿದ ಅಸಲಿಯಲ್ಲಿ ಕಂಬಿಯ ತುದಿ ನಳಿಗೆಯ ತೂತಿನ ತಳಕ್ಕೆ ತಾಗಿ ನಿಲ್ಲುತ್ತಿತ್ತು. ಹಾಗಾಗಿ ಬೆಣೆ ಎಷ್ಟೇ ಹೊಡೆದರೂ ನಳಿಗೆ ಒಂದೇ ಜಾಗದಲ್ಲಿ ಕೂರುತ್ತಿತ್ತು. ಇಟಲಿಯ ಎಷ್ಟೋ ನಕಲುಗಳಲ್ಲಿ ಈ ಕಂಬಿ ಕೂದಲೆಳೆಯಷ್ಟು ಗಿಡ್ಡ, ತಳ ಮುಟ್ಟೋದೇ ಇಲ್ಲ. ಬೆಣೆ ಜಾಸ್ತಿ ಒಳಗೆ ಹೋದಷ್ಟೂ ನಳಿಗೆಯ ಹಿಂಭಾಗ ಸಿಲಿಂಡರಿನತ್ತ ವಾಲುತ್ತೆ, ಮೂತಿ ಮೇಲೇಳುತ್ತೆ. ಪ್ರತಿ ಸಲ ತೊಳೆಯೋಕೆ ಬಿಚ್ಚಬೇಕು, ಪ್ರತಿ ಸಲ ಬೆಣೆ ಹೊಡೀಬೇಕು. ಇವತ್ತಿನ ಏಟು ನಿನ್ನೆಯ ಏಟಿನಷ್ಟೇ ಇರುತ್ತಾ? ಜೊತೆಗೆ ನಲವತ್ತು ವರ್ಷದ ಏಟಿಗೆ ಬೆಣೆಯ ಅಂಚೂ ತಿಂದುಹೋಗಿತ್ತು.

ಅಂದರೆ ಇದು ಹುಟ್ಟಿನಿಂದಲೇ ಬಂದ ದೋಷ! ಸವೆತ ಅದನ್ನ ಎತ್ತಿ ತೋರಿಸಿತು ಅಷ್ಟೇ. ಇಂಥದ್ದೇ ಇನ್ನೊಂದು, ಗೂಡಿಗೂ ನಳಿಗೆಗೂ ಇರೋ ಅಳತೆಯ ಜಗಳ. ಈ ರಿವಾಲ್ವರಿಗೆ .454 ಇಂಚಿನ ಗುಂಡು ಹಾಕಿದರೂ, ಗಿಡಿಯುವಾಗ ಗೂಡಿನ ಅಂಚು ಅದನ್ನ ಹೆರೆದು ಸೀಸದ ಒಂದು ಉಂಗುರ ಹೊರಗೆ ಬೀಳುತ್ತೆ. (ಆ ಉಂಗುರ ಬೀಳಲೇಬೇಕು. ಗುಂಡು ಸಡಿಲವಾದರೆ ಪಕ್ಕದ ಗೂಡುಗಳಿಗೂ ಕಿಡಿ ತಗುಲಿ ಒಟ್ಟಿಗೇ ಸಿಡಿಯೋ ಅಪಾಯ ಇದೆ.) ಆಮೇಲೆ ಗುಂಡಿನ ಗಾತ್ರ ಅಂದರೆ ಗೂಡಿನ ಗಾತ್ರವೇ. ಅಜ್ಜನ ಮೈಕ್ರೋಮೀಟರು ಗೂಡಿಗೆ .447 ಅಂತು, ನಳಿಗೆಯ ಗೀರಿನ ಆಳಕ್ಕೆ .451. ದೊಗಳೆ ಪ್ಯಾಂಟು ಹಾಕಿಕೊಂಡು ಓಡಿದ ಹಾಗೆ! ಇದೂ ಹುಟ್ಟುಗುಣವೇ. ಸ್ಪರ್ಧೆಗೆ ಹೋಗೋರು ಗೂಡುಗಳನ್ನ ಕೊರೆಸಿ ಸರಿ ಮಾಡಿಸ್ತಾರೆ. ಅಜ್ಜ ಬೇಡ ಅಂದರು. "ಇದೇ ಗೂಡಿನಿಂದ ನಾನು ಪದಕ ತಗೊಂಡಿದ್ದೀನಿ, ಅದರ ಮೇಲೆ ತಪ್ಪು ಹೊರಿಸೋಕಾಗಲ್ಲ."

ಎರಡನೆಯದು, ಉದ್ದಕ್ಕೆ ಚದುರೋದು. ಅದರ ಕಳ್ಳ ಸಿಕ್ಕಿದ್ದು ಅತಿ ಅಗ್ಗದ ಜಾಗದಲ್ಲಿ. ಕೇಪು ಕೂರೋ ಪುಟ್ಟ ಮೊಳೆಯಂಥ ನಿಪ್ಪಲ್ಲುಗಳಲ್ಲಿ ಸೂಜಿತೂತಿನಂಥ ದಾರಿ ಇರುತ್ತೆ, ಕೇಪಿನ ಕಿಡಿ ಅದರಿಂದಲೇ ಮದ್ದಿಗೆ ಹೋಗೋದು. ಪ್ರತಿ ಹೊಡೆತಕ್ಕೂ ಬೆಂಕಿ ಆ ತೂತನ್ನ ನೆಕ್ಕುತ್ತೆ. ತೂತು ದೊಡ್ಡದಾದಂತೆ ಅನಿಲ ಹಿಂದಕ್ಕೆ ನುಗ್ಗಿ ಕುದುರೆಯನ್ನೇ ಎತ್ತುತ್ತೆ, ಕೇಪು ಚೂರಾಗಿ ಯಂತ್ರದೊಳಗೆ ಬೀಳುತ್ತೆ, ಗುಂಡಿನ ವೇಗ ಒಂದೊಂದು ಸಲ ಒಂದೊಂದು ಥರ. ಅಜ್ಜನ ಆರು ನಿಪ್ಪಲ್ಲಿನಲ್ಲಿ ಎರಡರ ತೂತು ಬರಿಗಣ್ಣಿಗೇ ಅಗಲವಾಗಿ ಕಾಣುತ್ತಿತ್ತು. ಹೊಸದೊಂದು ಸೆಟ್ಟಿನ ಬೆಲೆ ಹೊಸ ರಿವಾಲ್ವರಿನ ಮುಂದೆ ಏನೇನೂ ಅಲ್ಲ. ಎಲ್ಲರೂ ನಳಿಗೆ ನಳಿಗೆ ಅಂತಿದ್ದರು, ಸವೆದದ್ದು ಈ ಮೊಳೆಗಳು.

ಅಜ್ಜ ಲೇತಿನಲ್ಲಿ ಒಂದು ಪುಟ್ಟ ಉಕ್ಕಿನ ಬಿಲ್ಲೆ ಕಡೆದು, ಅರದಿಂದ ಉಜ್ಜಿ ಉಜ್ಜಿ, ಕಂಬಿ ತಾಗಿ ನಿಲ್ಲೋ ಹಾಗೆ ತೂತಿನ ತಳಕ್ಕೆ ಕೂರಿಸಿದರು. ಹೊಸ ಬೆಣೆ, ಹೊಸ ನಿಪ್ಪಲ್ಲು. ಶನಿವಾರ ಇಬ್ಬರೂ ಮೈದಾನಕ್ಕೆ ಹೊರಟೆವು. ಗೂಡುಗಳಿಗೆ ಒಂದರಿಂದ ಆರು ನಂಬರು ಹಾಕಿ, ಒಂದೊಂದು ಗೂಡಿಗೆ ಒಂದೊಂದು ಕಾಗದ, ಪ್ರತಿ ಕಾಗದಕ್ಕೆ ಐದು ಗುಂಡು. ದೂರ 25 ಗಜ. "ನೀನೇ ಹೊಡಿ" ಅಂದರು, "ನನ್ನ ಕೈ ಇನ್ನೂ ಆರೋಪಿ." ಮರಳಿನ ಚೀಲದ ಮೇಲೆ ಒರಗಿಸಿಕೊಂಡು ಮೂವತ್ತು ಗುಂಡು ಹೊಡೆದೆ. ಗಂಧಕದ ಹೊಗೆಗೆ ಕಣ್ಣೆಲ್ಲ ಉರಿ. ಐದು ಕಾಗದದಲ್ಲಿ ತೂತುಗಳು ಮೂರು ಇಂಚಿನೊಳಗೆ, ನಡುವೂ ಹೆಚ್ಚುಕಮ್ಮಿ ಒಂದೇ ಕಡೆ. ನಾಲ್ಕನೇ ಗೂಡಿನ ಕಾಗದದಲ್ಲಿ ಐದಕ್ಕೆ ಐದೂ ಎಡಕ್ಕೆ! ಪಂಕ್ತಿ ಬಿಟ್ಟೆದ್ದವನು ಸಿಕ್ಕಿಬಿದ್ದ.

ಕುದುರೆ ಎಳೆದಾಗ ಒಂದು ತಳ್ಳುಗೈ ಸಿಲಿಂಡರನ್ನ ತಿರುಗಿಸುತ್ತೆ, ಕೆಳಗಿನಿಂದ ಒಂದು ಚಿಲಕ ಎದ್ದು ಸಿಲಿಂಡರಿನ ಕಚ್ಚಿಗೆ ಬಿದ್ದು ಗೂಡನ್ನ ನಳಿಗೆಯ ನೇರಕ್ಕೆ ನಿಲ್ಲಿಸುತ್ತೆ. ಇದೇ ಈ ಯಂತ್ರದ ಪ್ರಾಣ. ಸಾವಿರಾರು ಸಲ ಬಡಿದು ಬಡಿದು ನಾಲ್ಕನೇ ಕಚ್ಚಿನ ಅಂಚು ಜಜ್ಜಿಹೋಗಿತ್ತು, ಚಿಲಕ ಪೂರ್ತಿ ಕೂರುತ್ತಿರಲಿಲ್ಲ. ಸಿನಿಮಾದಲ್ಲಿ ಹೀರೋ ಟುರ್ರ್ ಅಂತ ಸಿಲಿಂಡರ್ ತಿರುಗಿಸೋದು, ಖಾಲಿ ಕುದುರೆ ಟಕಟಕ ಅನಿಸೋದು ಎಲ್ಲ ಇಂಥ ಭಾಗಗಳಿಗೇ ಕುತ್ತು. ಹಿತ್ತಾಳೆ ಚೌಕಟ್ಟಿನ ಅಗ್ಗದ ನಕಲುಗಳದ್ದಂತೂ ಇನ್ನೂ ಕಷ್ಟ. ಭಾರಿ ಮದ್ದು ಹಾಕುತ್ತಾ ಹೋದರೆ ಚೌಕಟ್ಟೇ ಜಗ್ಗಿ, ನಡುಕಂಬಿ ಅಲ್ಲಾಡತೊಡಗುತ್ತೆ. ಅಂತರ್ಯುದ್ಧದಲ್ಲಿ ಉಕ್ಕಿಲ್ಲದೆ ದಕ್ಷಿಣದವರು ಜಾರ್ಜಿಯಾದಲ್ಲಿ ಹಿತ್ತಾಳೆ ಚೌಕಟ್ಟಿನ ಗ್ರಿಸ್ವೋಲ್ಡ್ ರಿವಾಲ್ವರು ಮಾಡಿದ್ದು ನಿಜ (ಮಾಡಿದ ಕೈಗಳಲ್ಲಿ ಹೆಚ್ಚಿನವು ಗುಲಾಮರವು), ಆದರೆ ಅದು ಚಿಕ್ಕ .36. ಅಂಗಡಿಯಲ್ಲಿ ಮಿಂಚೋ .44ರ ಹಿತ್ತಾಳೆಗೆ ಅಂಥ ಇತಿಹಾಸವೂ ಇಲ್ಲ.

ಮಧ್ಯಾಹ್ನ ಅಜ್ಜ ತಾವೇ ನಿಂತು, ಒಂಟಿ ಕೈಯಲ್ಲಿ, ನಾಲ್ಕನೇ ಗೂಡು ಬಿಟ್ಟು ಐದು ಗುಂಡು ಹೊಡೆದರು. ಕಾಗದ ತಂದು ನೋಡಿದರೆ ಊಟದ ತಟ್ಟೆಯಷ್ಟು ಅಗಲ. ನಾನು ಏನಾದರೂ ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, "ಸರಿ. ಇದು ನನ್ನ ಪಾಲು" ಅಂದು ಕಾಗದಕ್ಕೆ ತಾರೀಖು ಬರೆದು ಫೈಲಿಗೆ ಸೇರಿಸಿದರು. ಮುಂದಿನ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಎರಡು ವರ್ಷದಿಂದ ಮುಂದೂಡಿದ್ದರಂತೆ. ಪೊರೆ ಬಂದಿತ್ತು, ತೆಗೆಸಿದರು. ಈಗ ನಳಿಗೆ ತುದಿಯ ಗುರಿಮೊಳೆ ಸ್ಪಷ್ಟವಾಗಿ ಕಾಣುತ್ತಂತೆ. ಕೈನಡುಕಕ್ಕೆ ಮಾತ್ರ ಬಿಲ್ಲೆ ಕಡೆಯೋಕಾಗಲಿಲ್ಲ. ಅದು ಹಾಗೇ ಇದೆ.

ಹಳೆಯದೊಂದು ಕೆಟ್ಟಾಗ ನಾವು ಎಲ್ಲವನ್ನೂ ಸೇರಿಸಿ 'ಸವೆದಿದೆ' ಅಂದುಬಿಡ್ತೀವಿ. ಬಿಡಿಸಿ ನೋಡಿದರೆ ಒಂದಷ್ಟು ಹುಟ್ಟಿನಿಂದ ಬಂದದ್ದು, ಒಂದಷ್ಟು ನಿಜವಾದ ಸವೆತ (ಅದೂ ಅಗ್ಗದ ಭಾಗಗಳಲ್ಲಿ), ಉಳಿದದ್ದು ಹಿಡಿದವರದ್ದು. ಮೂರಕ್ಕೂ ಮದ್ದು ಬೇರೆ ಬೇರೆ. ಹೊಸ ರಿವಾಲ್ವರು ತಂದಿದ್ದರೆ ಅದರಲ್ಲೂ ಗಿಡ್ಡ ಕಂಬಿ ಇರಬಹುದಿತ್ತು, ಅಜ್ಜನ ಪೊರೆಯೂ ಇನ್ನೊಂದು ವರ್ಷ ಹಾಗೇ ಉಳಿಯುತ್ತಿತ್ತು.

ನಾಲ್ಕನೇ ಗೂಡಿಗೆ ಅಜ್ಜ ಹೊಸ ಸಿಲಿಂಡರು ತರಿಸಲಿಲ್ಲ. ಅದರ ಬಾಯಿ ಹತ್ತಿರ ಅರದಿಂದ ಒಂದು ಸಣ್ಣ ಗೀರು ಎಳೆದಿದ್ದಾರೆ, ಅದಕ್ಕೆ ಮದ್ದು ಹಾಕೋದಿಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲೇ ಕೇಪಿನ ರಿವಾಲ್ವರಿಗೆ 13 ಗುಂಡಿಗೆ ಅರ್ಧ ಗಂಟೆ ಕೊಡ್ತಾರೆ, ಒಳ್ಳೇ ಹತ್ತನ್ನ ಎಣಿಸ್ತಾರೆ. ಐದೈದೇ ತುಂಬಿದರೂ ಸಮಯ ಧಾರಾಳ. ಹೋದ ಸೆಪ್ಟೆಂಬರಿನಲ್ಲಿ ಫ್ರೆಂಡ್‌ಶಿಪ್ಪಿಗೆ ಹೋಗಿ ಬಂದರು. ಪದಕ ಇಲ್ಲ. ಆದರೆ ಕಾಗದ ತೋರಿಸಿದರು, ತಟ್ಟೆ ಹೋಗಿ ಬಟ್ಟಲಾಗಿತ್ತು :-)

ನಿಮ್ಮನೇಲೂ 'ಸವೆದಿದೆ' ಅಂತ ಅಟ್ಟಕ್ಕೆ ಹಾಕಿದ ವಸ್ತು ಏನಾದರೂ ಇದೆಯಾ? ಒಮ್ಮೆ ಬಿಚ್ಚಿ ನೋಡಿ. ಯಾವ ಮೊಳೆ ಅಂತ ಗೊತ್ತಾದರೆ ನಮಗೂ ಹೇಳಿ.