ಕ್ಷೇಮ ಅಂತ ಬರೆದವರು ಯಾರು?

ಗುಳೆ ಹೋಗುವುದು ನಮ್ಮ ಕೇರಿಗೆ ಹೊಸದಲ್ಲ. ರಾಯಚೂರು, ಯಾದಗಿರಿ ಸೀಮೆಯಲ್ಲಿ ಸುಗ್ಗಿ ಮುಗಿದು ಕೂಲಿ ನಿಂತಿತೆಂದರೆ ನಾವು ಗಂಟು ಕಟ್ಟುವವರೇ. ಬೆಂಗಳೂರು, ಪುಣೆ, ಮುಂಬೈ, ಗೋವಾ, ಎಲ್ಲಿ ಕಟ್ಟಡ ಏಳುತ್ತದೋ ಅದರ ಪಕ್ಕ ನಮ್ಮ ಗುಡಿಸಲು. ಊರಲ್ಲಿ ಉಳಿಯುವವರು ಮುದುಕರು, ಶಾಲೆಯ ಮಕ್ಕಳು. ಈ ಎರಡು ದಂಡೆಗಳ ನಡುವೆ ಮಾತು ಹೇಗೆ ದಾಟಿತು ಎಂಬುದನ್ನು ನಾವೇ ಬರೆಯಬೇಕು.

1980ರ ದಶಕದಲ್ಲಿ 15 ಪೈಸೆಗೆ ಒಂದು ಕಾರ್ಡು. ಕಾರ್ಡು ಅಗ್ಗ, ಬರೆಯುವ ಕೈ ತುಟ್ಟಿ. ಅವ್ವ ಊರೊಳಗಿನ ಕಟ್ಟೆಯ ಕೆಳಗೆ ಕೂತು, "ಮನ್ಯಾಗ ಜ್ವಾಳ ಇಲ್ಲ ಅಂತ ಬರೀರಿ ಧಣಿ. ಸಾಲಕ್ಕ ಬಾಗಲಿಗಿ ಬಂದು ಬೈದು ಹೋದ್ರು ಅಂತನೂ ಬರೀರಿ" ಅನ್ನುತ್ತಿದ್ದಳು. ಸಾಲ ಕೊಟ್ಟ ಮನೆಯವರೇ ಬರೆಯುವವರಾದರೆ ಆ ಮಾತು ಕಾರ್ಡಿಗೆ ಇಳಿದೀತೆ? "ನಾವು ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ" ಎಂದು ಎರಡು ಸಾಲು ಗೀಚಿ ಕೊಡುತ್ತಿದ್ದರು. ಅತ್ತ ಮುಂಬೈಯಲ್ಲಿ ಅಣ್ಣ ಅದನ್ನು ಮತ್ತೊಬ್ಬರಿಂದ ಓದಿಸಿಕೊಂಡು ನಂಬುತ್ತಿದ್ದ. ನಮ್ಮ ಹಸಿವನ್ನು ಮುಚ್ಚಿಟ್ಟದ್ದು ಈ ಕ್ಷೇಮವೇ.

ಮನಿಯಾರ್ಡರ್ ಬಂದರೆ ಹೆಬ್ಬೆಟ್ಟು, ಅದಕ್ಕೊಂದು ಸಾಕ್ಷಿ, ಸಾಕ್ಷಿಗೆ ಚಾದ ರೊಕ್ಕ. ತಾರು ಬಂದರೆ ಓದಿಸುವ ಮೊದಲೇ ಕೇರಿ ಅಳುತ್ತಿತ್ತು, ಸಾವಿಗಲ್ಲದೆ ನಮಗೆ ಯಾರು ತಾರು ಕೊಟ್ಟಾರು? 2013ರ ಜುಲೈಯಲ್ಲಿ ದೇಶದ ತಾರು ಸೇವೆ ನಿಂತಾಗ ಪತ್ರಿಕೆಗಳು ಮರುಗಿದವು. ನಮ್ಮವ್ವ ಮರುಗಲಿಲ್ಲ.

ಆಮೇಲೆ ಫೋನು ಬಂತು, ಗೌಡರ ಮನೆಗೆ. ಅಣ್ಣನ ಚೀಟಿಯಲ್ಲಿ ಅದೇ ನಂಬರು, ಮುಂದೆ ಪಿ.ಪಿ. ಅಂತ ಎರಡಕ್ಷರ. ಕರೆ ಬಂದರೆ ಅವ್ವ ಅಂಗಳದಲ್ಲಿ ನಿಲ್ಲಬೇಕು. ರಿಸೀವರ್ ಮುಟ್ಟುವಂತಿಲ್ಲ. ಒಳಗಿನವರು ಕೇಳಿ ಹೊರಗೆ ಕೂಗಿ ಹೇಳುತ್ತಿದ್ದರು, "ನಿನ್ನ ಮಗ ಆರಾಮ ಅದಾನಂತ." ಮಗನ ದನಿಗೂ ಮೈಲಿಗೆ!

2003ರಲ್ಲಿ ಮೊಬೈಲಿಗೆ ಬಂದ ಕರೆಗೆ ದುಡ್ಡು ಕೊಡುವುದು ತಪ್ಪಿತು. ನಮ್ಮ ಮನೆಗೂ ಒಂದು ಸಣ್ಣ ಸೆಟ್ಟು ಬಂತು. ಒಂದು ಮಿಸ್ಡ್ ಕಾಲ್ ಅಂದರೆ ಮುಟ್ಟಿದೆ ಅಂತ, ಎರಡು ಅಂದರೆ ರೊಕ್ಕ ಕಳಿಸೀನಿ ಅಂತ. ಈಗ ಅವ್ವ ವಾಟ್ಸಾಪಿನಲ್ಲಿ ಮೈಕಿನ ಗುರುತು ಒತ್ತಿ ಹಿಡಿದು, "ಯಪ್ಪಾ, ಮಳಿ ಬರ್ಲಿಲ್ಲ, ಬಿತ್ತಿದ್ದು ಹ್ವಾತು" ಅನ್ನುತ್ತಾಳೆ. ನಡುವೆ ಧಣಿ ಇಲ್ಲ, ಸಾಕ್ಷಿ ಇಲ್ಲ. ಅವ್ವನ ಮಾತು ಅವ್ವನ ಬಾಯಿಂದಲೇ ಹೋಗುತ್ತದೆ. ಇದು ಸಣ್ಣ ಗೆಲುವಲ್ಲ.

ಆದರೆ ಈ ದಾರಕ್ಕೂ ಬೇರೆ ಮಾಲೀಕರಿದ್ದಾರೆ. 28 ದಿನದ ರೀಚಾರ್ಜು ಹಾಕಿಸಿದರೆ ಹನ್ನೆರಡು ತಿಂಗಳ ವರ್ಷಕ್ಕೆ ಹದಿಮೂರು ಸಲ ದುಡ್ಡು ಕಟ್ಟಬೇಕು. 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ಬೀಗ ಬಿತ್ತು. ಕೆಲಸ ನಿಂತಿತು, ಕೂಲಿ ನಿಂತಿತು, ರೀಚಾರ್ಜೂ ನಿಂತಿತು. ಅಣ್ಣನ ಫೋನು ಸ್ವಿಚ್ ಆಫ್. ಅವನು ಯಾವ ಸೈಟಿನಲ್ಲಿದ್ದಾನೆ, ಕರೆದೊಯ್ದ ಮೇಸ್ತ್ರಿ ಯಾರು ಅಂತ ಕೇಳಿದರೆ ಮನೆಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಹೊರರಾಜ್ಯಕ್ಕೆ ಕರೆದೊಯ್ದ ಕೂಲಿಕಾರರಿಗೆ ಗುತ್ತಿಗೆದಾರ ಕೆಲಸದ ಜಾಗ, ಕೂಲಿಯ ದರ ಬರೆದ ಪಾಸ್‌ಬುಕ್ ಕೊಡಬೇಕೆಂದು 1979ರ ಕಾಯ್ದೆಯೇ ಹೇಳಿತ್ತು. ಅಣ್ಣ ಮುಂಬೈಯಲ್ಲಿ ದುಡಿದ ಅಷ್ಟು ವರ್ಷ ಆ ಪುಸ್ತಕದ ಮುಖವನ್ನೇ ನಾವು ಕಾಣಲಿಲ್ಲ.

ಗೆಳೆಯರೆ, ದನಿ ಕೇಳಿದರೆ ಕರುಳು ತಣ್ಣಗಾಗುತ್ತದೆ, ನಿಜ. ಆದರೆ ದನಿ ಹಾರಿಹೋಗುತ್ತದೆ, ಮೇಸ್ತ್ರಿಯ ಲೆಕ್ಕದ ಪುಸ್ತಕ ಉಳಿಯುತ್ತದೆ. ಹಳ್ಳಿಯ ಮಾಸ್ತರುಗಳು ಮಕ್ಕಳಿಗೆ ರಜಾ ಅರ್ಜಿ ಬರೆಯುವುದನ್ನು ಕಲಿಸುತ್ತಾರೆ. ಜೊತೆಗೆ ಇದನ್ನೂ ಕಲಿಸಲಿ: ಗುಳೆ ಹೋದ ಅಪ್ಪ ಎಲ್ಲಿದ್ದಾನೆ, ಯಾರ ಕೆಳಗೆ ದುಡಿಯುತ್ತಾನೆ, ದಿನಕ್ಕೆ ಎಷ್ಟು ಕೂಲಿ, ಎಷ್ಟು ಬಾಕಿ ಅಂತ ಮಗು ತನ್ನ ಪಾಟಿಚೀಲದ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಅಜ್ಜಿ ಹೇಳಿದ ಮಾತನ್ನು ಅಜ್ಜಿಯ ಮಾತಿನಲ್ಲೇ ಬರೆಯಲಿ. ಜ್ವಾಳ ಇಲ್ಲ ಅಂದರೆ ಇಲ್ಲ ಅಂತಲೇ ಬರೆಯಲಿ. ಕ್ಷೇಮವಿದ್ದ ದಿನ ಮಾತ್ರ ಕ್ಷೇಮ ಅನ್ನಲಿ.